ಇಂದಿನ ಚಿಂತನೆ: ಅರೆಗಳಿಗೆಯ ಕುರುಡು



ಪರದೆಯ ಮೇಲೆ ಸೆಕೆಂಡಿಗೆ ಸುಮಾರು 10 ಅಕ್ಷರಗಳು ಒಂದೇ ಜಾಗದಲ್ಲಿ ಮಿಂಚಿ ಹೋಗುತ್ತವೆ. ನಡುವೆ ಎರಡು ಅಂಕಿ ಇವೆ, ಹೇಳಬೇಕು. ಮೊದಲನೆಯದು ಸಿಗುತ್ತದೆ. ಅದಾಗಿ ಕಾಲು-ಅರ್ಧ ಸೆಕೆಂಡಿನಲ್ಲಿ ಬಂದ ಎರಡನೆಯದು, ಕಣ್ಣು ತೆರೆದೇ ಇದ್ದರೂ, ಬಹಳ ಮಂದಿಗೆ ತಪ್ಪಿಹೋಗುತ್ತದೆ. ಮನಸ್ಸು ಮೊದಲನೆಯದನ್ನೇ ಹಿಡಿದು ಕೂತಿರುತ್ತದೆ. 1992ರಲ್ಲಿ ಇದಕ್ಕೆ 'ಅಟೆನ್ಷನಲ್ ಬ್ಲಿಂಕ್' ಎಂದು ಹೆಸರಿಟ್ಟರು, ಗಮನದ ರೆಪ್ಪೆಬಡಿತ. ಕೆಲವರಲ್ಲಿ ಮಾತ್ರ ಇದು ಇಲ್ಲವೆನ್ನುವಷ್ಟು ಕಡಿಮೆ.

"ಹುಟ್ಟಿನಿಂದಲೇ ನಿಮ್ಮ ತಲೆ ಇಷ್ಟೇ" ಅನ್ನಿಸಿಕೊಂಡ ಜನ ನಾವು. ಹಾಗಾಗಿ ಇಂಥ ವ್ಯತ್ಯಾಸದ ಮಾತು ಬಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದರು: ಮೂರು ತಿಂಗಳು ವಿಪಸ್ಸನದಲ್ಲಿ ಕುಳಿತ 17 ಮಂದಿಗೆ ಎರಡನೆಯ ಅಂಕಿ ಮುಂಚೆಗಿಂತ ಚೆನ್ನಾಗಿ ಕಂಡಿತು. ಮೊದಲ ಅಂಕಿಗೆ ಅವರ ಮೆದುಳು ಸುರಿಯುತ್ತಿದ್ದ ಗಮನ ಇಳಿದಿತ್ತು. ಹೆಚ್ಚು ಇಳಿದವರಿಗೆ ಹೆಚ್ಚು ಕಂಡಿತು. ಸಣ್ಣ ಗುಂಪು, ದಿನವಿಡೀ ಕುಳಿತವರು. ನಮ್ಮ ಇಪ್ಪತ್ತು ನಿಮಿಷಕ್ಕೆ ಇದನ್ನೇ ಸಾಕ್ಷಿ ಅನ್ನಬೇಡಿ.

ಎಹಿಪಸ್ಸಿಕೋ ಅಂದರೆ ಬಂದು ನೋಡು ಎಂದಲ್ಲವೇ? ಇಂದು ಆನಾಪಾನದಲ್ಲಿ ಒಂದು ಯೋಚನೆಯನ್ನು ಹಿಡಿದಾಗ ಎಷ್ಟು ಉಸಿರು ತಪ್ಪಿದವು ನೋಡಿಕೊಳ್ಳಿ. ಭಾನುವಾರ ಮಾತಾಡೋಣ.