ಬಕೆಟ್ಟು ಬಾಯಿ ಅಗಲ, ತಳ ಕಿರಿದು – ಏಕೆ?
(ಯಂತ್ರಭಾಗಗಳ ವಿನ್ಯಾಸ ಕಲಿಯಬಯಸುವವರಿಗೆ ಒಂದು ಪಾಠ)



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಕಲಬುರಗಿಯಲ್ಲಾಗಲಿ, ಕಮಲಾಪುರದಲ್ಲಾಗಲಿ ಪಾಲಕರು ಕೇಳುವ ಮಾತೊಂದಿದೆ: “ಹುಡುಗನ್ನ ಕಂಪ್ಯೂಟರ್ ಡಿಸೈನ್ ಕೋರ್ಸಿಗೆ ಹಾಕಬೇಕಂತೀವಿ ಸರ್. ಮೂರು ತಿಂಗಳದಾಗ ಮುಗೀತದಂತ. ನೌಕರಿ ಸಿಗ್ತದೇನ್ರಿ?” ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವುದು ಬೇರೆ, ವಸ್ತುವನ್ನು ವಿನ್ಯಾಸ ಮಾಡುವುದು ಬೇರೆ. ಸಾಫ್ಟ್‌ವೇರ್ ಎಂಬುದು ಲೇಖನಿ ಮಾತ್ರ. ಬರೆಯುವ ವಿಷಯವನ್ನು ಕಾರ್ಖಾನೆಯ ನೆಲದಲ್ಲೇ ಕಲಿಯಬೇಕು. ಏಕೆಂಬುದನ್ನು ಮನೆಯ ಬಕೆಟ್ಟಿನಿಂದಲೇ ನೋಡೋಣ.

ಮೊದಲ ಪಾಠ – ಇಳಿಜಾರು. ಬಕೆಟ್ಟಿನ ಬಾಯಿ ಅಗಲ, ತಳ ಕಿರಿದು. ಒಂದರೊಳಗೊಂದು ಕೂರಲು ಅನುಕೂಲ ಎನ್ನುವಿರಿ, ಅದೂ ನಿಜ. ಆದರೆ ಇನ್ನೊಂದು ಕಾರಣವಿದೆ. ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ತುಂಬುತ್ತಾರೆ. ಅದು ತಣಿಯುತ್ತಾ ಕುಗ್ಗಿ, ಒಳಗಿನ ಉಕ್ಕನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಗೋಡೆ ನೆಟ್ಟಗಿದ್ದರೆ ವಸ್ತು ಹೊರಬರುವಾಗ ಗೀಚು ಬೀಳುತ್ತದೆ, ಕೆಲವೊಮ್ಮೆ ಸೀಳುತ್ತದೆ. ಕುಲ್ಫಿಯ ಅಚ್ಚು ತುದಿಗೆ ಕಿರಿದಾಗಿರುವುದೂ ಇದಕ್ಕೇ. ಸಾಮಾನ್ಯವಾಗಿ ಗೋಡೆಗೆ 1ರಿಂದ 2 ಡಿಗ್ರಿ ಇಳಿಜಾರು ಕೊಡುತ್ತಾರೆ. ಹತ್ತನೆಯ ತರಗತಿಯ ತ್ರಿಕೋನಮಿತಿ ನೆನಪಿಸಿಕೊಳ್ಳಿ: ಟ್ಯಾನ್ 1 ಡಿಗ್ರಿ ಎಂದರೆ ಸುಮಾರು 0.0175. ಹಾಗಾದರೆ 100 ಮಿ.ಮೀ. ಎತ್ತರದ ಡಬ್ಬಿಯಲ್ಲಿ ಒಂದು ಬದಿಗೆ 1.75 ಮಿ.ಮೀ., ಎರಡೂ ಬದಿ ಸೇರಿ 3.5 ಮಿ.ಮೀ. ವ್ಯತ್ಯಾಸ. ಮುಚ್ಚಳ ಸರಿಯಾಗಿ ಕೂರಬೇಕಾದರೆ ವಿನ್ಯಾಸಕಾರ ಇದನ್ನು ಮೊದಲೇ ಲೆಕ್ಕ ಹಾಕಿರಬೇಕು.

ಎರಡನೆಯ ಪಾಠ – ದಪ್ಪ. ಪ್ಲಾಸ್ಟಿಕ್ ಸ್ಟೂಲನ್ನು ಬೋರಲು ಹಾಕಿ ನೋಡಿ. ಗೋಡೆ ತೆಳು, ಒಳಗಡೆ ಅಡ್ಡಪಟ್ಟಿಗಳು. ಗಟ್ಟಿಯಾಗಲೆಂದು ಗೋಡೆಯನ್ನೇ ದಪ್ಪ ಮಾಡಿದರೆ ಆ ಜಾಗ ತಡವಾಗಿ ತಣಿದು, ಹೊರಮೈಯಲ್ಲಿ ತಗ್ಗು ಬೀಳುತ್ತದೆ. ಆದ್ದರಿಂದ ಗೋಡೆಯ ದಪ್ಪ ಎಲ್ಲೆಡೆ ಒಂದೇ ಇರಬೇಕು, ಒಳಪಟ್ಟಿಯ ದಪ್ಪ ಗೋಡೆಯ ಅರ್ಧದಷ್ಟು, ಹೆಚ್ಚೆಂದರೆ ಶೇ. 60ರಷ್ಟು.

ಮೂರನೆಯ ಪಾಠ – ಕುಗ್ಗುವಿಕೆ. ಡಬ್ಬಿಯ ತಳದ ತ್ರಿಕೋನದಲ್ಲಿ 5 ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ತಣಿದಾಗ ಇದು ಸುಮಾರು ಶೇ. 1ರಿಂದ 2.5ರಷ್ಟು ಕುಗ್ಗುತ್ತದೆ. ಶೇ. 1.5 ಎಂದು ಹಿಡಿದರೆ, 100 ಮಿ.ಮೀ. ಡಬ್ಬಿಗೆ ಅಚ್ಚು ಸುಮಾರು 101.5 ಮಿ.ಮೀ. ಇರಬೇಕು.

ನಾಲ್ಕನೆಯ ಪಾಠ – ತಗಡು. 1 ಮಿ.ಮೀ. ತಗಡನ್ನು ಮೂಲೆಮಟ್ಟಕ್ಕೆ ಬಗ್ಗಿಸಿ, ಹೊರ ಅಳತೆ 50 ಮತ್ತು 30 ಮಿ.ಮೀ. ಬರುವಂತೆ ಪಟ್ಟಿ ಮಾಡಬೇಕು. ತಗಡು ಎಷ್ಟು ಉದ್ದ ಕತ್ತರಿಸಬೇಕು? 80 ಎಂದರೆ ತಪ್ಪು. ಬಾಗಿನ ಒಳ ತ್ರಿಜ್ಯ 1 ಮಿ.ಮೀ. ಇದ್ದರೆ ಸುಮಾರು 78 ಸಾಕು. ರಂಧ್ರವನ್ನು ಬಾಗಿಗೆ ತೀರಾ ಹತ್ತಿರ ಇಟ್ಟರೆ ಅದು ಜಗ್ಗಿ ಅಂಡಾಕಾರವಾಗುತ್ತದೆ.

ಇಷ್ಟು ಸಣ್ಣ ಅಳತೆಗೆ ಏಕಿಷ್ಟು ಚಿಂತೆ? ದೊಡ್ಡ ಅಚ್ಚೊಂದಕ್ಕೆ ಲಕ್ಷಾಂತರ ರೂಪಾಯಿ ಬೀಳುತ್ತದೆ. ಅಚ್ಚಿನ ಉಕ್ಕನ್ನು ಇನ್ನಷ್ಟು ಕೆರೆಯಬಹುದು, ಕೆರೆದ ಉಕ್ಕನ್ನು ಮತ್ತೆ ಸೇರಿಸುವುದು ಬಹಳ ಕಷ್ಟ. ಇದನ್ನು ಬಲ್ಲವನಿಗೇ ಕೆಲಸದಲ್ಲಿ ಬೆಲೆ. ನಮ್ಮ ನೆರೆಯ ಬೀದರಿನ ಬಿದ್ರಿ ಕುಶಲಕರ್ಮಿಗಳೂ ಸತು ಮತ್ತು ತಾಮ್ರವನ್ನು ಕರಗಿಸಿ ಮಣ್ಣಿನ ಅಚ್ಚಿಗೆ ಎರೆಯುತ್ತಾರೆ. ಲೋಹದ ಗುಣವನ್ನು ಅವರು ಕಲಿತದ್ದು ಕುಲುಮೆಯ ಮುಂದೆ ಕುಳಿತೇ.

ಹಾಗಾದರೆ ಎಲ್ಲಿ ಕಲಿಯಬೇಕು? ಡೆನ್ಮಾರ್ಕ್ ಸರ್ಕಾರದ ಸಹಯೋಗದಲ್ಲಿ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಇಂದು ರಾಜ್ಯದ ಹಲವು ಊರುಗಳಲ್ಲಿದೆ. ಕಲಬುರಗಿಯಲ್ಲೂ ಇದೆ. ಅದರ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾಕ್ಕೆ ಎಸ್ಸೆಸ್ಸೆಲ್ಸಿ ಪಾಸಾದವರು ಅರ್ಜಿ ಹಾಕಬಹುದು. ಮೂರು ವರ್ಷ ತರಗತಿ ಮತ್ತು ಕಾರ್ಯಾಗಾರ, ನಂತರ ಒಂದು ವರ್ಷ ಕಾರ್ಖಾನೆಯೊಳಗೆ ತರಬೇತಿ. ಪ್ಲಾಸ್ಟಿಕ್ ಅಚ್ಚುಗಳ ಬಗ್ಗೆಯೇ ಓದುವುದಾದರೆ ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಸಿಪೆಟ್ ಇದೆ. ಹೆಣ್ಣುಮಕ್ಕಳಿಗೆ ಈ ವಿದ್ಯೆ ಸಲ್ಲದು ಎಂದು ತಿಳಿಯಬೇಡಿ. ಇಲ್ಲಿ ಬೇಕಾದದ್ದು ತೋಳಿನ ಬಲವಲ್ಲ, ಲೆಕ್ಕ ಮತ್ತು ತಾಳ್ಮೆ.

ಪಾಲಕರೇ, ಯಾವುದೇ ಸಂಸ್ಥೆಗೆ ಫೀ ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ವಿದ್ಯಾರ್ಥಿ ವಾರಕ್ಕೆ ಎಷ್ಟು ಗಂಟೆ ಯಂತ್ರದ ಮುಂದೆ ನಿಲ್ಲುತ್ತಾನೆ? ತಾನು ಬಿಡಿಸಿದ ಚಿತ್ರದಿಂದ ಒಂದಾದರೂ ವಸ್ತುವನ್ನು ತನ್ನ ಕೈಯಾರೆ ಮಾಡುತ್ತಾನೆಯೇ? ಕಾರ್ಖಾನೆ ತರಬೇತಿ ಇದೆಯೇ? ಪ್ರಮಾಣಪತ್ರಕ್ಕೆ ಸರ್ಕಾರದ ಮಾನ್ಯತೆ ಇದೆಯೇ? ಉತ್ತರ ಬಾಯಿಮಾತಿನಲ್ಲಿ ಬೇಡ, ಕಾರ್ಯಾಗಾರವನ್ನು ಒಳಗೆ ಹೋಗಿ ನೋಡಿ ಬನ್ನಿ. ಮೂರು ತಿಂಗಳ ಸಾಫ್ಟ್‌ವೇರ್ ಕೋರ್ಸು ವ್ಯರ್ಥವಲ್ಲ. ಆದರೆ ಅದು ಡಿಪ್ಲೊಮಾದ ಜೊತೆಗೆ ಅಥವಾ ನಂತರ ಬಂದರೆ ಉಪಯೋಗ.

ದಾನಿಗಳಲ್ಲಿ ಒಂದು ವಿನಂತಿ. ಇಂಥ ವಿದ್ಯೆಗೆ ಮೊದಲ ವರ್ಷದ ಫೀಯಷ್ಟೇ ಸಾಲದು. ಕಮಲಾಪುರದ ಮಗುವಿಗೆ ಬಸ್ಸಿನ ಖರ್ಚು ಅಥವಾ ಹಾಸ್ಟೆಲ್, ವರ್ನಿಯರ್ ಕ್ಯಾಲಿಪರ್, ಸುರಕ್ಷತಾ ಬೂಟು, ಕೊನೆಯ ವರ್ಷ ಪರಊರಿನಲ್ಲಿ ವಾಸ, ಎಲ್ಲವೂ ಬೇಕು. ಹತ್ತು ಜನರಿಗೆ ಒಂದು ವರ್ಷ ಕೊಟ್ಟು ನಡುದಾರಿಯಲ್ಲಿ ಬಿಡುವುದಕ್ಕಿಂತ, ಕೆಲವರನ್ನಾದರೂ ನಾಲ್ಕು ವರ್ಷವೂ ಕೈಹಿಡಿದು ದಡ ಮುಟ್ಟಿಸುವುದು ಮೇಲು.

ವಿದ್ಯಾರ್ಥಿಗಳಿಗೆ ಮನೆಪಾಠ: ಮನೆಯ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಬಾಯಿಯ ವ್ಯಾಸ, ತಳದ ವ್ಯಾಸ, ಎತ್ತರ ಅಳೆದು ಗೋಡೆಯ ಇಳಿಜಾರು ಎಷ್ಟು ಡಿಗ್ರಿ ಎಂದು ಕಂಡುಹಿಡಿಯಿರಿ. ಬಳಿಕ ಅಳತೆ ಸಮೇತ ಕೈಯಿಂದಲೇ ಅದರ ಚಿತ್ರ ಬಿಡಿಸಿ. ಈ ಕೆಲಸದಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ ಎನ್ನುವ ಮಗುವಿನ ವಿದ್ಯಾರ್ಥಿವೇತನದ ಅರ್ಜಿಯನ್ನು ಪಾಲಕರು ಧೈರ್ಯವಾಗಿ ತುಂಬಬಹುದು.