ಸಂಘದ ದಫ್ತರಕ್ಕೆ ಹೊಣೆ ಯಾರು?

ಸದಸ್ಯ ಬಾಂಧವರೇ,

ನಮ್ಮ ಹಿಟ್ನಾಳದಿಂದ ಪಶ್ಚಿಮಕ್ಕಿರುವ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ್ದು ದೇಶದ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಹಕಾರ ಸಂಘ. ಒಂದೂರಿನ ಅಂಥ ಸಂಘಕ್ಕೆ ಕೆಲವೇ ಪುಸ್ತಕಗಳು ಸಾಕಾದಾವು. ಇಂದು ಸಂಘಗಳ ಕಪಾಟಿನಲ್ಲೂ ಕಂಪ್ಯೂಟರಿನಲ್ಲೂ ಸದಸ್ಯರ ಪಹಣಿ, ಆಧಾರ್ ನಕಲು, ಸಾಲದ ಬಾಕಿ, ತೂಕದ ಚೀಟಿ ಎಲ್ಲವೂ ಇವೆ.

ಇವುಗಳಲ್ಲಿ ತೂಕದ ದಾಖಲೆಯೇ ಮುಖ್ಯ. ರಾಶಿ ಅಡಿಕೆಯನ್ನು ಗೊರಬಲು ಎಂದು ಬರೆದರೆ, ಕಾಫಿಯ ತೇವಾಂಶದ ಅಂಕಿ ತಪ್ಪಿದರೆ, ಬೆಳೆಗಾರನ ವರ್ಷದ ದುಡಿಮೆಗೇ ಪೆಟ್ಟು. ತೂಗುವವರೊಬ್ಬರು, ಬರೆಯುವವರೊಬ್ಬರು, ತಾಳೆ ನೋಡುವವರು ಮತ್ತೊಬ್ಬರಿರಬೇಕು. ತಪ್ಪಾದ ಅಂಕಿಯನ್ನು ಅಳಿಸಕೂಡದು. ಅದು ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದುದನ್ನು ಬರೆದು, ತಾರೀಖು ಹಾಕಿ ರುಜು ಮಾಡಬೇಕು. ಕಂಪ್ಯೂಟರಿಗೂ ಇದೇ ಶಿಸ್ತು. ಒಂದೇ ಪಾಸ್‌ವರ್ಡನ್ನು ಕಚೇರಿಯವರೆಲ್ಲ ಬಳಸಿದರೆ ತಿದ್ದಿದವರಾರೆಂದು ಬ್ರಹ್ಮನಿಗೂ ತಿಳಿಯದು.

ಸದಸ್ಯರು ಕೇಳಿದಾಗ ಅವರ ಖಾತೆಯನ್ನು ಅವರಿಗೆ ತೋರಿಸತಕ್ಕದ್ದು. ಅವರ ಬಾಕಿಯನ್ನು ವ್ಯಾಪಾರಿಗೆ ಹೇಳತಕ್ಕದ್ದಲ್ಲ. ಅಡಚಣೆ ತಿಳಿದ ವ್ಯಾಪಾರಿ ದರ ಇಳಿಸಿಯೇ ಕೇಳುತ್ತಾನೆ! ವಿವರಗಳನ್ನು ಪಡೆದ ಉದ್ದೇಶಕ್ಕಷ್ಟೇ ಬಳಸಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ತಿರುಳೂ ಹೌದು.

ಯಾವ ದಾಖಲೆ ಯಾರ ಜವಾಬ್ದಾರಿ, ಎಷ್ಟು ವರ್ಷ ಇಡಬೇಕು ಎಂಬ ಠರಾವನ್ನು ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲಿ ಮಂಡಿಸಲಾಗುವುದು. ತಮ್ಮ ಸಲಹೆಗಳನ್ನು ಅದಕ್ಕೆ ಮುಂಚೆ ಬರೆದು ಕಳಿಸಿರಿ.

– ಕಾರ್ಯದರ್ಶಿ