ಪೆನ್‌ಡ್ರೈವ್ ಕಾಣದ ಲ್ಯಾಪ್‌ಟಾಪ್

ಹತ್ತು ಸಾವಿರ ರೂಪಾಯಿ ಆಸುಪಾಸಿಗೆ ಹೊಸ ಲ್ಯಾಪ್‌ಟಾಪ್ ಸಿಗುತ್ತಿದ್ದ ಕಾಲವೊಂದಿತ್ತು. 2015–16ರ ಮಾತು. 11.6 ಇಂಚಿನ ಪರದೆ, ಇಂಟೆಲ್‌ನ ಆಟಂ ಝಡ್3735ಎಫ್ ಚಿಪ್, 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್. ಫ್ಯಾನ್ ಇಲ್ಲ, ಸಿಡಿ ಡ್ರೈವ್ ಇಲ್ಲ, ನೆಟ್‌ವರ್ಕ್ ಕೇಬಲ್ ಚುಚ್ಚುವ ಜಾಗವೂ ಇಲ್ಲ. ಟ್ಯಾಬ್ಲೆಟ್‌ಗೆಂದು ಮಾಡಿದ ಚಿಪ್ಪಿಗೆ ಕೀಬೋರ್ಡ್ ಕೂರಿಸಿ ಮಾರಿದ ಸರಕು. ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಬಂದರೂ ಒಳಗಿನದೆಲ್ಲ ಹೆಚ್ಚುಕಡಿಮೆ ಒಂದೇ. ಈಗಲೂ ನಮ್ಮ ಎಷ್ಟೋ ಮನೆಗಳ ಬೀರುವಿನಲ್ಲಿ ಇಂಥದೊಂದು ಕೂತಿರುತ್ತದೆ. ಕೇಳಿದರೆ "ಕೆಟ್ಟುಹೋಗಿದೆ" ಎನ್ನುತ್ತಾರೆ. ಬಹಳಷ್ಟು ಕೆಟ್ಟಿರುವುದಿಲ್ಲ.

ತಿಪಟೂರಿನಲ್ಲಿರುವ ನಮ್ಮಕ್ಕನ ಬಳಿ ಇದ್ದದ್ದು ಅಂಥದೇ. ಸ್ತ್ರೀಶಕ್ತಿ ಸಂಘದ ಲೆಕ್ಕ, ನುಡಿಯಲ್ಲಿ ಟೈಪು ಮಾಡಿದ ನಡಾವಳಿ, ಅರ್ಜಿಗಳು, ಆಗೊಮ್ಮೆ ಈಗೊಮ್ಮೆ ಮೊಮ್ಮಗಳಿಗೆ ವಿಡಿಯೊ. ಇಷ್ಟಕ್ಕೆ ಅದು ಧಾರಾಳವಾಗಿ ಸಾಕಿತ್ತು. ಅದರ ಉಸಿರು ಕಟ್ಟಿಸಿದ್ದು ವಿಂಡೋಸ್ 10ರ ಅಪ್‌ಡೇಟು. ಡಬ್ಬದ ಮೇಲೆ 32 ಜಿಬಿ ಎಂದಿದ್ದರೂ ವಿಂಡೋಸ್ ತೋರಿಸುವುದು 29ರ ಸುಮಾರು. ಅದರಲ್ಲಿ ಬಹುಪಾಲನ್ನು ವಿಂಡೋಸೇ ನುಂಗಿರುತ್ತದೆ. ದೊಡ್ಡ ಅಪ್‌ಡೇಟ್ ಬಂದಾಗ ಅದನ್ನು ಇಳಿಸಿಕೊಂಡು ಬಿಚ್ಚಲು ಜಾಗವೇ ಉಳಿದಿರುವುದಿಲ್ಲ. ಅರ್ಧಕ್ಕೆ ನಿಲ್ಲುವುದು, ಹಿಂದಕ್ಕೆ ಹೋಗುವುದು, ಮತ್ತೆ ಶುರುವಾಗುವುದು. ಬೇಸತ್ತ ಅಕ್ಕ 2025ರ ಬೇಸಿಗೆಯಲ್ಲಿ ಅಂಗಡಿಯೊಂದಕ್ಕೆ ಕೊಟ್ಟಳು. ಅಲ್ಲಿನವರು ವಿಂಡೋಸ್‌ನ ರೀಸೆಟ್ ಒತ್ತಿದ್ದಾರೆ, ಅದು ನಡುವೆ ನಿಂತಿದೆ. ಆಮೇಲೆ ಪೆನ್‌ಡ್ರೈವಿನಿಂದ ಹೊಸದಾಗಿ ಹಾಕಲು ನೋಡಿದ್ದಾರೆ, ಪೆನ್‌ಡ್ರೈವನ್ನೇ ಅದು ಗುರುತಿಸಲಿಲ್ಲ.

"ಬೋರ್ಡೇ ಹೋಗಿದೆಯಂತೆ ಕಣೋ, ಹೊಸದು ತಗೊಳ್ಳೋದೇ ವಾಸಿ ಅಂದ್ರು" ಎಂದು ಅಕ್ಕ ಫೋನು ಮಾಡಿದಳು. ನಾನು ಕೇಳಿದ್ದು ಒಂದೇ ಮಾತು: "ಪರದೆ ಮೇಲೆ ಏನಾದ್ರೂ ಬರ್ತಿದೆಯೇನಕ್ಕ?" "ಕಪ್ಪು ಪರದೆ ಮೇಲೆ ಹಳದಿ ಅಕ್ಷರದಲ್ಲಿ ಏನೇನೋ ಇಂಗ್ಲಿಷು ಬರುತ್ತಪ್ಪ, ಆಮೇಲೆ ಸುಮ್ಮನಾಗುತ್ತೆ." ಅಷ್ಟು ಕೇಳಿದ ಮೇಲೆ ಬೋರ್ಡ್ ಹೋಗಿದೆ ಎಂಬ ಮಾತನ್ನು ನಂಬುವ ಅಗತ್ಯ ಇರಲಿಲ್ಲ. ಬೋರ್ಡ್ ಹೋದ ಯಂತ್ರ ಇಂಗ್ಲಿಷ್ ಮಾತಾಡುವುದಿಲ್ಲ.

ಆ ಹಳದಿ ಅಕ್ಷರ ಯುಇಎಫ್‌ಐ ಶೆಲ್‌ನದು. ಬಯೋಸ್ ಎಂದು ನಾವೆಲ್ಲ ಈಗಲೂ ಕರೆಯುವ ಫರ್ಮ್‌ವೇರ್ ಇದೆಯಲ್ಲ, ಅದಕ್ಕೆ ಶುರು ಮಾಡಲು ಯಾವ ಆಪರೇಟಿಂಗ್ ಸಿಸ್ಟಮ್ಮೂ ಸಿಗದಿದ್ದಾಗ ಈ ಬಗೆಯ ಯಂತ್ರಗಳಲ್ಲಿ ಅದು ಕೊನೆಗೆ ಬಂದು ನಿಲ್ಲುವ ಜಾಗ ಅದು. ನೋಡಿದರೆ ಗಾಬರಿ ಹುಟ್ಟಿಸುತ್ತದೆ, ಆದರೆ ಬಲು ಉಪಕಾರಿ. ತನಗೆ ಯಾವ ಯಾವ ಡಿಸ್ಕು ಕಾಣುತ್ತಿದೆ ಎಂಬ ಪಟ್ಟಿಯನ್ನು ಅಲ್ಲೇ ಕೊಡುತ್ತದೆ. ಲ್ಯಾಪ್‌ಟಾಪ್ ನನ್ನ ಕೈಗೆ ಬಂದಾಗ ನೋಡಿದರೆ ಒಳಗಿನ ಸ್ಟೋರೇಜ್ ಆ ಪಟ್ಟಿಯಲ್ಲಿತ್ತು. ಪೆನ್‌ಡ್ರೈವ್ ಚುಚ್ಚಿ ಮತ್ತೆ ಆನ್ ಮಾಡಿದರೆ ಅದೂ ಪಟ್ಟಿಗೆ ಬಂತು. ಅಂದರೆ ಯಂತ್ರಕ್ಕೆ ಪೆನ್‌ಡ್ರೈವ್ ಕಾಣುತ್ತಿದೆ, ಅದರಿಂದ ಶುರುವಾಗಲು ಮಾತ್ರ ಒಪ್ಪುತ್ತಿಲ್ಲ. ಇವೆರಡೂ ಬೇರೆ ಬೇರೆ ಕಾಯಿಲೆ. ರಿಪೇರಿಗೆ ಕೂತವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು.

ಕಾರಣ ಹೀಗಿದೆ. ಆಟಂ ಝಡ್3735ಎಫ್ 64 ಬಿಟ್‌ನ ಪ್ರೊಸೆಸರ್. ಆದರೆ ಈ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ತಯಾರಕರು ಹಾಕಿದ್ದು 32 ಬಿಟ್‌ನ ವಿಂಡೋಸ್, ಅದಕ್ಕೆ ಹೊಂದುವಂತೆ 32 ಬಿಟ್‌ನ ಯುಇಎಫ್‌ಐ ಫರ್ಮ್‌ವೇರ್. ಯುಇಎಫ್‌ಐ ನಿಯಮದ ಪ್ರಕಾರ ಪೆನ್‌ಡ್ರೈವಿನ ಇಎಫ್‌ಐ ಫೋಲ್ಡರಿನೊಳಗೆ ಬೂಟ್ ಎಂಬ ಫೋಲ್ಡರಿರಬೇಕು, ಅದರೊಳಗೆ ಗೊತ್ತಾದ ಹೆಸರಿನ ಫೈಲಿರಬೇಕು. 64 ಬಿಟ್‌ನ ಫರ್ಮ್‌ವೇರ್ ಹುಡುಕುವುದು ಬೂಟ್‌ಎಕ್ಸ್64 ಎಂಬ ಫೈಲನ್ನು, 32 ಬಿಟ್‌ನದು ಬೂಟ್‌ಐಎ32 ಎಂಬುದನ್ನು. ಅಂಗಡಿಯವರ ಪೆನ್‌ಡ್ರೈವಿನಲ್ಲಿದ್ದದ್ದು ಎಲ್ಲ ಕಡೆ ನಡೆಯುವ 64 ಬಿಟ್ ವಿಂಡೋಸ್. ಅರಸೀಕೆರೆ ಬಸ್ಸಿಗೆ ಕಾದು ನಿಂತವನು ತುಮಕೂರು ಬೋರ್ಡಿನ ಬಸ್ಸಿನ ಕಡೆ ತಿರುಗಿಯೂ ನೋಡುವುದಿಲ್ಲವಲ್ಲ, ಫರ್ಮ್‌ವೇರಿನದೂ ಅದೇ ಕತೆ. ತಪ್ಪು ಫೈಲು ಎಂದು ದೂರು ಹೇಳುವುದಿಲ್ಲ, ಬೂಟ್ ಮೆನುವಿನಲ್ಲಿ ಪೆನ್‌ಡ್ರೈವಿನ ಹೆಸರನ್ನೇ ತೋರಿಸುವುದಿಲ್ಲ. ಈ ಮೌನವೇ ಜನರನ್ನು ದಾರಿ ತಪ್ಪಿಸುವುದು. ಪೆನ್‌ಡ್ರೈವ್ ಬದಲಿಸುತ್ತಾರೆ, ಪೋರ್ಟ್ ಬದಲಿಸುತ್ತಾರೆ, ಕೊನೆಗೆ ಬೋರ್ಡಿನ ಮೇಲೆ ಹಾಕುತ್ತಾರೆ.

ಅಂಗಡಿಯವರನ್ನು ಬೈಯುವುದೂ ಅಷ್ಟು ಸರಿಯಲ್ಲ ಅನ್ನಿ. ದಿನಕ್ಕೆ ಹತ್ತಾರು ಯಂತ್ರ ನೋಡುವವರಿಗೆ ಇಂಥದ್ದು ಅಪರೂಪ. ಯಂತ್ರದ ಬೆಲೆಗಿಂತ ಅದರ ಮುಂದೆ ಕೂತ ಹೊತ್ತಿನ ಬೆಲೆಯೇ ಹೆಚ್ಚಾಗುತ್ತದೆ.

ಮುಂದಿನ ಪ್ರಶ್ನೆ, ಏನು ಹಾಕುವುದು. 32 ಬಿಟ್‌ನ ವಿಂಡೋಸ್ 10 ಹಾಕಬಹುದಿತ್ತು. ಲೈಸೆನ್ಸಿನ ಕೀ ಬೋರ್ಡಿನಲ್ಲೇ ಅಡಕವಾಗಿರುತ್ತದೆ, ಕೈಯಾರೆ ಕೊಡಬೇಕಿಲ್ಲ. ಆದರೆ ವಿಂಡೋಸ್ 10ಕ್ಕೆ ಬೆಂಬಲ ಮುಗಿಯುವುದು 2025ರ ಅಕ್ಟೋಬರ್ 14ಕ್ಕೆ ಎಂದು ಮೈಕ್ರೋಸಾಫ್ಟ್ ಮೊದಲೇ ಹೇಳಿತ್ತು. ಹಾಕಿದರೂ ಅದೇ ಜಾಗದ ಜಗಳ ಮತ್ತೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, ಟಿಪಿಎಂ 2.0 ಬೇಕು, ಮೇಲಾಗಿ ಅದರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಉಳಿದದ್ದು ಲಿನಕ್ಸ್. 32 ಬಿಟ್ ಫರ್ಮ್‌ವೇರಿನ ಮೇಲೆ 64 ಬಿಟ್ ಕರ್ನೆಲ್ ಓಡಿಸುವ ಅನುಕೂಲ ಲಿನಕ್ಸ್‌ಗೆ 2014ರಲ್ಲೇ, 3.15ನೇ ಕರ್ನೆಲ್‌ನಲ್ಲಿ ಬಂದಿದೆ. ನಾನು ಆರಿಸಿದ್ದು ಡೆಬಿಯನ್ 12. ಪೆನ್‌ಡ್ರೈವಿಗೆ ಬರೆಯುವ ಮೊದಲು ಐಎಸ್‌ಒ ಫೈಲನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದು ಬೂಟ್ ಫೋಲ್ಡರ್ ನೋಡಿದೆ. ಎರಡೂ ಹೆಸರಿನ ಫೈಲುಗಳು ಅಲ್ಲಿದ್ದವು. ಲಿನಕ್ಸ್ ಎಂದ ಮಾತ್ರಕ್ಕೆ ಎಲ್ಲ ಆವೃತ್ತಿಯಲ್ಲೂ ಬೂಟ್‌ಐಎ32 ಇರುತ್ತದೆ ಎಂದುಕೊಳ್ಳಬಾರದು. ಕಣ್ಣಾರೆ ನೋಡಿಯೇ ಮುಂದುವರಿಯಬೇಕು.

ಡೌನ್‌ಲೋಡ್ ಆದ ಫೈಲಿನ ಎಸ್‌ಎಚ್‌ಎ256 ಮೊತ್ತ ಸರಿಯಿದೆಯೇ ಎಂದು ತಾಳೆ ನೋಡುವುದು, ಐಎಸ್‌ಒವನ್ನು ಹಾಗೇ ಎಳೆದುಹಾಕದೆ ರೂಫಸ್‌ನಂಥ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆಯುವುದು, ಬಯೋಸಿನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡುವುದು, ಇವೆಲ್ಲ ಗೊತ್ತಿರುವ ಕೆಲಸಗಳೇ, ಮಾಡಿದೆ. ಚಾರ್ಜರ್ ಮಾತ್ರ ಕೊನೆಯವರೆಗೂ ಚುಚ್ಚಿಯೇ ಇಟ್ಟಿದ್ದೆ. ಬ್ಯಾಟರಿ ಸೊರಗಿದ ಇಂಥ ಯಂತ್ರಗಳಲ್ಲಿ ಯುಎಸ್‌ಬಿಗೆ ಸಾಕಷ್ಟು ಶಕ್ತಿ ಸಿಗದೆ ಪೆನ್‌ಡ್ರೈವ್ ನಡುವೆ ಮಾಯವಾಗುವುದುಂಟು.

ಬಯೋಸಿಗೆ ಹೋದಾಗ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿ ತಾರೀಖು. ಚಾರ್ಜಿಲ್ಲದೆ ಬಿದ್ದಿದ್ದರಿಂದ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಚಿಲ್ಲರೆ ವಿಷಯದಂತೆ ಕಾಣುತ್ತದೆ, ಆದರೆ ಅದನ್ನು ಹಾಗೇ ಬಿಟ್ಟರೆ ಡೆಬಿಯನ್‌ನ ಪ್ಯಾಕೇಜ್ ವ್ಯವಸ್ಥೆ "ಈ ಫೈಲು ಇನ್ನೂ ಜಾರಿಗೆ ಬಂದಿಲ್ಲ" ಎಂಬರ್ಥದ ದೋಷ ತೋರಿಸಿ ನಿಲ್ಲಬಹುದು. ಬ್ರೌಸರಿನಲ್ಲಿ ಸುರಕ್ಷಿತ ತಾಣಗಳು ತೆರೆಯುವುದಿಲ್ಲ. ಜನ ನೆಟ್ ಸರಿಯಿಲ್ಲ ಎಂದು ರೂಟರ್ ಆಫ್-ಆನ್ ಮಾಡುತ್ತಾ ಕೂರುತ್ತಾರೆ. ತಾರೀಖು ಸರಿಪಡಿಸಿ ಮುಂದಕ್ಕೆ ಹೋದೆ.

ಇನ್‌ಸ್ಟಾಲರ್ ಬಂತು. ವೈಫೈ ಇಲ್ಲ ಎಂದಿತು. ಈ ಲ್ಯಾಪ್‌ಟಾಪ್‌ನ ವೈಫೈ ರಿಯಲ್‌ಟೆಕ್‌ನ 8723ಬಿಎಸ್ ಚಿಪ್ಪು. ಅದು ಮೆಮೊರಿ ಕಾರ್ಡಿನಂತೆ ಎಸ್‌ಡಿಐಒ ಮೂಲಕ ಜೋಡಿಸಿದ್ದು, ಲ್ಯಾಪ್‌ಟಾಪ್‌ಗಳಲ್ಲಿ ಕಡಿಮೆ. ಅದಕ್ಕೆ ಪರದಾಡುವ ಬದಲು ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿದೆ. ಇನ್‌ಸ್ಟಾಲರ್ ಅದನ್ನು ನೆಟ್‌ವರ್ಕ್ ಕಾರ್ಡ್ ಎಂದೇ ಒಪ್ಪಿಕೊಂಡಿತು. ಇನ್‌ಸ್ಟಾಲ್ ಮುಗಿದ ಮೇಲೆ ವೈಫೈ ತಾನಾಗಿಯೇ ಬಂತು. ಡೆಬಿಯನ್ 12ರಿಂದ ಇಂಥ ಚಿಪ್ಪುಗಳ ಫರ್ಮ್‌ವೇರನ್ನು ಅಧಿಕೃತ ಇಮೇಜಿನಲ್ಲೇ ಸೇರಿಸಿರುವುದರ ಫಲ. ಹಿಂದೆಲ್ಲ ಅದನ್ನು ಬೇರೆ ಪೆನ್‌ಡ್ರೈವಿನಲ್ಲಿ ತಂದುಕೊಡಬೇಕಿತ್ತು.

ಡಿಸ್ಕ್ ಭಾಗ ಮಾಡುವಲ್ಲಿ ಒಂದು ಎಚ್ಚರಿಕೆ ಬೇಕು. ಒಳಗಿನ ಸ್ಟೋರೇಜ್ ಇಎಂಎಂಸಿ ಆದ್ದರಿಂದ ಪಟ್ಟಿಯಲ್ಲಿ ದೊಡ್ಡದೊಂದರ ಜೊತೆಗೆ ಬೂಟ್0, ಬೂಟ್1 ಎಂದು ಕೊನೆಯಾಗುವ, ಕೆಲವೇ ಎಂಬಿ ಗಾತ್ರದ ಎರಡು ತುಂಡು ಕಾಣಬಹುದು. ಹೆಸರು ನೋಡಿ ಬೂಟ್‌ಲೋಡರ್ ಅಲ್ಲಿಗೇ ಹೋಗಬೇಕೇನೋ ಎನಿಸುತ್ತದೆ. ಅವು ಚಿಪ್ಪಿನ ಸ್ವಂತ ಭಾಗಗಳು, ಅವನ್ನು ಮುಟ್ಟುವ ಹಾಗಿಲ್ಲ. ದೊಡ್ಡದನ್ನು ಪೂರ್ತಿ ಅಳಿಸಿ ಬಳಸಿಕೊಂಡೆ. ಸಂಘದ ಲೆಕ್ಕವನ್ನೂ ನುಡಿಯ ಫೈಲುಗಳನ್ನೂ ಅಕ್ಕ ಬ್ಯಾಂಕಿಗೆ ತೋರಿಸಲೆಂದು ಪೆನ್‌ಡ್ರೈವಿನಲ್ಲೇ ಹೊತ್ತು ತಿರುಗುತ್ತಿದ್ದುದರಿಂದ ಕಳೆದುಕೊಳ್ಳುವುದೇನೂ ಇರಲಿಲ್ಲ. ಎಲ್ಲರ ಪರಿಸ್ಥಿತಿ ಹೀಗಿರುವುದಿಲ್ಲ. ಅಳಿಸುವ ಗುಂಡಿ ಒತ್ತುವ ಮೊದಲು ಮನೆಯವರನ್ನು ಕೂರಿಸಿಕೊಂಡು ಯಾವ ಫೈಲು ಎಲ್ಲಿದೆ ಎಂದು ಕೇಳಲೇಬೇಕು.

ಇನ್‌ಸ್ಟಾಲ್ ಮುಗಿಯಿತು, ಪೆನ್‌ಡ್ರೈವ್ ತೆಗೆಯಿರಿ ಎಂದಿತು, ರೀಸ್ಟಾರ್ಟ್ ಆಯಿತು. ಮತ್ತದೇ ಹಳದಿ ಅಕ್ಷರ.

ಬಹಳ ಜನ ಕೈಚೆಲ್ಲುವುದು ಇಲ್ಲಿಯೇ. "ಇನ್‌ಸ್ಟಾಲ್ ಆಗಿಲ್ಲ" ಎಂದುಕೊಂಡು ಮೊದಲಿನಿಂದ ಶುರು ಮಾಡುತ್ತಾರೆ, ಮತ್ತೆ ಇಲ್ಲಿಗೇ ಬಂದು ನಿಲ್ಲುತ್ತಾರೆ. ನಾನು ಶೆಲ್‌ನಲ್ಲೇ ಕೂತು ಒಳಗಿನ ಡಿಸ್ಕಿನ ಇಎಫ್‌ಐ ಫೋಲ್ಡರ್ ತೆರೆದೆ. ಡೆಬಿಯನ್ ಎಂಬ ಫೋಲ್ಡರ್ ಇತ್ತು, ಅದರೊಳಗೆ ಅದರ ಬೂಟ್‌ಲೋಡರ್ ಗ್ರಬ್‌ನ ಫೈಲು ಗ್ರಬ್‌ಐಎ32 ಇತ್ತು. ಅದರ ಹೆಸರನ್ನು ಕೈಯಾರೆ ಟೈಪು ಮಾಡಿ ಎಂಟರ್ ಒತ್ತಿದೆ. ಡೆಬಿಯನ್ ಸಲೀಸಾಗಿ ಎದ್ದು ಲಾಗಿನ್ ಪರದೆಗೆ ಬಂತು. ಇನ್‌ಸ್ಟಾಲ್‌ನಲ್ಲಿ ದೋಷವಿರಲಿಲ್ಲ, ದೋಷ ವಿಳಾಸದ್ದು. ಹೊಸ ಸಿಸ್ಟಮ್ ಹಾಕಿದಾಗ ಅದು "ನಾನು ಇಂಥ ಫೋಲ್ಡರಿನಲ್ಲಿದ್ದೇನೆ" ಎಂದು ಫರ್ಮ್‌ವೇರಿನ ನೆನಪಿನಲ್ಲಿ ಬರೆದಿಡುತ್ತದೆ. ಕೆಲವು ಅಗ್ಗದ ಯಂತ್ರಗಳ ಫರ್ಮ್‌ವೇರ್ ಆ ಬರಹವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ವಿಂಡೋಸಿನ ಜಾಗವನ್ನೋ ಪೆನ್‌ಡ್ರೈವ್‌ಗಳಲ್ಲಿರುವಂಥ ಆ ಬೂಟ್ ಫೋಲ್ಡರನ್ನೋ ಮಾತ್ರ ನೋಡುತ್ತದೆ. ಡೆಬಿಯನ್‌ಗೆ ಇದು ಗೊತ್ತಿರುವ ತೊಂದರೆಯೇ. ಇನ್‌ಸ್ಟಾಲರಿನ ಎಕ್ಸ್‌ಪರ್ಟ್ ಮತ್ತು ರೆಸ್ಕ್ಯೂ ಮೋಡ್‌ಗಳಲ್ಲಿ, ಗ್ರಬ್ ಅನ್ನು ರಿಮೂವಬಲ್ ಮೀಡಿಯಾದ ಜಾಗದಲ್ಲೂ ಒಂದು ಪ್ರತಿ ಹಾಕಬೇಕೇ ಎಂಬ ಆಯ್ಕೆಯಿದೆ. ಎದ್ದ ಸಿಸ್ಟಮ್ಮಿನೊಳಗಿಂದ ಗ್ರಬ್ ಪ್ಯಾಕೇಜನ್ನು ಮರುಸಂರಚನೆ ಮಾಡಿ ಅದಕ್ಕೆ ಹೌದು ಎಂದೆ. ಫೈಲನ್ನು ಕೈಯಿಂದ ನಕಲು ಮಾಡಿದರೂ ಆ ಕ್ಷಣಕ್ಕೆ ಕೆಲಸ ಆಗುತ್ತದೆ, ಆದರೆ ಗ್ರಬ್ ಅಪ್‌ಡೇಟ್ ಆದಾಗ ಆ ನಕಲು ಹಳತಾಗಿಯೇ ಉಳಿದು ಮುಂದೊಂದು ದಿನ ಕೈಕೊಡಬಹುದು. ಆಯ್ಕೆಯ ಮೂಲಕ ಮಾಡಿದ್ದೇ ಸರಿಯಾದ ದಾರಿ.

ಅಲ್ಲಿಗೂ ಮುಗಿಯಲಿಲ್ಲ. ಸುಮ್ಮನೆ ಬಿಟ್ಟಾಗ ಪರದೆ ಇದ್ದಲ್ಲೇ ಹೆಪ್ಪುಗಟ್ಟುತ್ತಿತ್ತು, ಮೌಸೂ ಅಲ್ಲಾಡುತ್ತಿರಲಿಲ್ಲ. ಬೇ ಟ್ರೇಲ್ ಎಂಬ ಈ ಪೀಳಿಗೆಯ ಚಿಪ್ಪುಗಳಿಗೆ ಲಿನಕ್ಸಿನಲ್ಲಿ ಹಳೆಯ ಕಾಯಿಲೆ ಇದು. ವಿದ್ಯುತ್ ಉಳಿಸಲೆಂದು ಪ್ರೊಸೆಸರ್ ಆಳದ ನಿದ್ರೆಗೆ ಜಾರಿ ಏಳಲಾರದೆ ಹೋಗುತ್ತದೆ. ಅಷ್ಟು ಆಳಕ್ಕೆ ಇಳಿಯಬೇಡ ಎಂದು ಕರ್ನೆಲ್‌ಗೆ ಹೇಳುವ, ಸಿ-ಸ್ಟೇಟ್ ಮಿತಿಯನ್ನು 1ಕ್ಕೆ ಇಳಿಸುವ ಒಂದು ಸಾಲನ್ನು ಗ್ರಬ್‌ನ ಸೆಟ್ಟಿಂಗಿಗೆ ಸೇರಿಸಿದೆ. ಹೆಪ್ಪುಗಟ್ಟುವುದು ನಿಂತಿತು, ಬದಲಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಸದಾ ಚಾರ್ಜರಿನಲ್ಲೇ ಇರುವ ಯಂತ್ರಕ್ಕೆ ಅದು ನಷ್ಟವೇನಲ್ಲ.

2 ಜಿಬಿ ರ‍್ಯಾಮಿಗೆ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ಸ್ವಾಪ್‌ಗಾಗಿ ಇಎಂಎಂಸಿಯನ್ನು ಸವೆಸುವ ಬದಲು ರ‍್ಯಾಮಿನಲ್ಲೇ ಒತ್ತಿಡುವ ಝಡ್‌ರ‍್ಯಾಮ್. ಬ್ರೌಸರಿನಲ್ಲಿ ಹೆಚ್ಚು ಟ್ಯಾಬ್ ತೆರೆದರೆ ಈಗಲೂ ಮುಗ್ಗರಿಸುತ್ತದೆ, ಅದನ್ನು ಅಕ್ಕನಿಗೆ ಮೊದಲೇ ಹೇಳಿದ್ದೇನೆ. ನುಡಿಯ ಹಳೆಯ ಫೈಲುಗಳು ಯೂನಿಕೋಡ್ ಅಲ್ಲದ ಫಾಂಟಿನವು. ಆ ಫಾಂಟ್ ಫೈಲುಗಳನ್ನು ನಕಲು ಮಾಡಿದ ಮೇಲೆ ಲಿಬ್ರೆಆಫೀಸಿನಲ್ಲಿ ಅಕ್ಷರ ಸರಿಯಾಗಿ ಬಂತು. ಹೊಸದಾಗಿ ಟೈಪು ಮಾಡಲು ಐಬಸ್‌ನಲ್ಲಿ ಕಗಪ ವಿನ್ಯಾಸ ಹಾಕಿಕೊಟ್ಟೆ. ಎಫ್ ಒತ್ತಿದರೆ ಒತ್ತಕ್ಷರ ಬರುವುದನ್ನು ನೋಡಿ ಅಕ್ಕನ ಮುಖ ಅರಳಿತು: "ಅಯ್ಯೋ, ನಮ್ಮದೇ ಕೀಲಿಮಣೆ ಇದೆಯಲ್ಲೋ!"

ನಿಮ್ಮ ಮನೆಯಲ್ಲೂ ಇಂಥ ಲ್ಯಾಪ್‌ಟಾಪ್ ಇದ್ದು ವಿಂಡೋಸ್ ಇನ್ನೂ ಓಡುತ್ತಿದ್ದರೆ, ಅದು ನಿಲ್ಲುವ ಮೊದಲೇ ಒಂದು ಕೆಲಸ ಮಾಡಿಡಿ. ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆಯಿರಿ. ಬಯೋಸ್ ಮೋಡ್ ಎಂಬಲ್ಲಿ ಯುಇಎಫ್‌ಐ, ಸಿಸ್ಟಮ್ ಟೈಪ್ ಎಂಬಲ್ಲಿ ಎಕ್ಸ್86 ಎಂದಿದ್ದರೆ ನಿಮ್ಮದು 32 ಬಿಟ್ ಫರ್ಮ್‌ವೇರ್. ಅದನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸಿ. ಮುಂದೆ ರಿಪೇರಿಗೆ ಕೊಟ್ಟಾಗ ಬೂಟ್‌ಐಎ32 ಇರುವ ಪೆನ್‌ಡ್ರೈವೇ ಬೇಕು ಎಂದು ಕೇಳಿ.